ತೊಂಬತ್ತೆರಡು ಬಂದರೂ ಸಾಲದು

ಭಾನುವಾರ ಬೆಳಗ್ಗೆ ಹತ್ತಕ್ಕೆ ಹಾಸ್ಟೆಲ್ ಗೇಟು ತೆಗೆಯುತ್ತಾರೆ. ಅಷ್ಟೊತ್ತಿಗಾಗಲೇ ಹೊರಗೆ ಕಾರು, ಬೈಕು, ಒಂದೆರಡು ಆಟೋ ಸಾಲಾಗಿ ನಿಂತಿರುತ್ತವೆ. ಅಮ್ಮಂದಿರ ಕೈಯಲ್ಲಿ ಸ್ಟೀಲ್ ಡಬ್ಬಿ, ಅಪ್ಪಂದಿರ ಕೈಯಲ್ಲಿ ನೀರಿನ ಬಾಟಲಿ. ಹೊಂಗೆ ಮರದ ಕೆಳಗೆ ಹಳೇ ಬೆಡ್‌ಶೀಟ್ ಹಾಸಿ ಕೂತು, ಹದಿನೇಳು ವರ್ಷದ ಮಕ್ಕಳಿಗೆ ಅನ್ನ ಕಲಸಿ ಕೊಡುತ್ತಾರೆ. ಅಷ್ಟು ಜನ ಸೇರಿದ ಮೇಲೆ ಜಾತ್ರೆಯ ಹಾಗೆ ಇರಬೇಕು. ಆದರೆ ಗದ್ದಲವೇ ಇರುವುದಿಲ್ಲ.

ಅಕ್ಕನ ಮಗನನ್ನು ನೋಡಲು ಅಂಥದ್ದೊಂದು ಇಂಟಿಗ್ರೇಟೆಡ್ ಪಿಯು ಕಾಲೇಜಿಗೆ ನಾನೂ ಹೋಗಿದ್ದೆ. ಇಂಟಿಗ್ರೇಟೆಡ್ ಅಂದರೆ ಗೊತ್ತಲ್ಲ, ಪಿಯು ಪಾಠ, ನೀಟ್, ಜೆಇಇ, ಸಿಇಟಿ ಕೋಚಿಂಗ್ ಎಲ್ಲ ಒಂದೇ ಕಾಂಪೌಂಡಿನೊಳಗೆ. ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 576 ತೆಗೆದಿದ್ದ. ತೊಂಬತ್ತೆರಡು ಪರ್ಸೆಂಟ್. ಊರಲ್ಲಿ ಹೋಳಿಗೆ ಊಟ ಹಾಕಿಸಿದ್ದರು. ಕಾಲೇಜಿನವರು ಅವನನ್ನು ಡಿ ಸೆಕ್ಷನ್‌ಗೆ ಹಾಕಿದರು. ಪ್ರತಿ ಟೆಸ್ಟ್ ಆದ ಮೇಲೆ ಸೆಕ್ಷನ್ ಬದಲಾಗುತ್ತದೆ. ಮೇಲೆ ಹೋದವರು ಬ್ಯಾಗು ಎತ್ತಿಕೊಂಡು ಎ, ಬಿ ಕಡೆಗೆ ನಡೆಯುತ್ತಾರೆ. ಕೆಳಗೆ ಬಿದ್ದವರೂ ಬ್ಯಾಗು ಎತ್ತಿಕೊಳ್ಳುತ್ತಾರೆ. ಕಾರಿಡಾರಿನಲ್ಲಿ ಎಲ್ಲರೂ ನೋಡುತ್ತಿರುತ್ತಾರೆ.

ಅವನನ್ನು ಕಂಡ ಕೂಡಲೇ ಅಕ್ಕ ತಲೆ ಸವರಿ ಕೇಳಿದ ಮೊದಲ ಮಾತು, “ಈ ಸಲ ಟೆಸ್ಟಲ್ಲಿ ಎಷ್ಟು ಬಂತೋ?” ಭಾವನಿಗೆ ಅದು ಆಗಲೇ ಗೊತ್ತಿತ್ತು. ಸೋಮವಾರ ಸಂಜೆ ಅವರ ಮೊಬೈಲಿಗೆ ಮೆಸೇಜ್ ಬಂದುಬಿಡುತ್ತದೆ: ಹೆಸರು, ಸ್ಕೋರು, ಬ್ಯಾಚಿನಲ್ಲಿ ಎಷ್ಟನೇ ರ‍್ಯಾಂಕ್. ಆ ವಾರ 410 ಮಕ್ಕಳಲ್ಲಿ 287. ಭಾವ ಏನೂ ಅನ್ನಲಿಲ್ಲ. ಅನ್ನದೇ ಇರುವುದೂ ಒಂದು ಮಾತೇ ಅಲ್ವಾ?

ಹುಡುಗ ಎರಡು ತುತ್ತು ತಿಂದು ಸಾಕೆಂದ. ಹೊಟ್ಟೆನೋವಂತೆ. ನಾನು ಪಕ್ಕಕ್ಕೆ ಕರೆದು, “ಯಾಕೋ, ತೊಂಬತ್ತೆರಡು ತೆಗೆದವನು ನೀನು, ಇಷ್ಟಕ್ಕೆಲ್ಲ ಹೆದರ‍್ತಾರಾ?” ಅಂದೆ. ಅವನು ನನ್ನನ್ನು ಪಾಪ ಅನ್ನುವ ಹಾಗೆ ನೋಡಿದ. “ಮಾಮ, ಇಲ್ಲಿ ತೊಂಬತ್ತೆರಡು ಅಂದ್ರೆ ಲೆಕ್ಕಕ್ಕೇ ಇಲ್ಲ.”

ಫೇಲಾದವರು ಮಾತ್ರವಲ್ಲ

ಪ್ರತಿವರ್ಷ ರಿಸಲ್ಟ್ ದಿನ ಟಿವಿಯಲ್ಲಿ ಒಂದು ಸಲಹೆ ಬರುತ್ತದೆ. ‘ಫೇಲಾದರೆ ಧೈರ್ಯಗೆಡಬೇಡಿ, ಮತ್ತೆ ಬರೆಯಬಹುದು.’ ಒಳ್ಳೆಯ ಮಾತೇ. ಆದರೆ ಲೆಕ್ಕ ನೋಡಿದರೆ ಈ ಮಾತು ತಲುಪಬೇಕಾದವರಲ್ಲಿ ಬಹಳ ಮಂದಿಗೆ ತಲುಪುವುದೇ ಇಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಗೆ ಬಲಿಯಾದ ವಿದ್ಯಾರ್ಥಿಗಳು 13,044. ಅದೇ ವರ್ಷ ರೈತರು ಮತ್ತು ಕೃಷಿ ಕೂಲಿಕಾರರು ಸೇರಿ 11,290. ರೈತರ ಆತ್ಮಹತ್ಯೆ ಅಂದರೆ ನಮಗೆ ಗೊತ್ತು. ಅದರ ಮೇಲೆ ಸರ್ಕಾರಗಳು ಅಲುಗಾಡಿವೆ, ಸಾಲಮನ್ನಾ ಆಗಿದೆ, ಸದನದಲ್ಲಿ ಜಗಳ ಆಗಿದೆ. ವಿದ್ಯಾರ್ಥಿಗಳ ಸಂಖ್ಯೆ ಅದನ್ನೂ ದಾಟಿದ್ದು ಎಷ್ಟು ಮನೆಗಳಲ್ಲಿ ಚರ್ಚೆ ಆಯಿತು? 2023ರಲ್ಲಿ ಅದು 13,892ಕ್ಕೆ ಏರಿತು.

ಇನ್ನೊಂದು ಕಾಲಂ ಇದೆ, ಕಾರಣದ್ದು. 2022ರಲ್ಲಿ ‘ಪರೀಕ್ಷೆಯಲ್ಲಿ ಫೇಲ್’ ಎಂದು ಬರೆದ ಸಾವುಗಳು ಎಲ್ಲ ಸೇರಿ ಸುಮಾರು 2 ಸಾವಿರ. ಆ ಕಾಲಂ ತುಂಬುವುದು ಪೊಲೀಸರು. ಯಾವ ಸಾವಿಗೂ ಒಂದೇ ಕಾರಣ ಇರುವುದಿಲ್ಲ ಅನ್ನುವುದೂ ನಿಜ. ಆದರೂ 13 ಸಾವಿರ ಎಲ್ಲಿ, 2 ಸಾವಿರ ಎಲ್ಲಿ! ಫೇಲಾಗದೆಯೇ ಕುಸಿದವರು ಬಹಳ ಮಂದಿ ಇದ್ದಾರೆ. ಮನೆಯ ಜಗಳ, ಪ್ರೀತಿ, ಕಾಯಿಲೆ, ಜಾತಿಯ ಅವಮಾನ, ಹಣದ ತಾಪತ್ರಯ ಇವೆಲ್ಲ ಅದರಲ್ಲಿ ಸೇರಿರುತ್ತವೆ. ಜೊತೆಗೆ ಪಾಸಾಗಿಯೂ ‘ಸಾಲದು’ ಅನ್ನಿಸಿಕೊಂಡವರೂ ಇರುತ್ತಾರೆ. ನನಗೆ ಹೆಚ್ಚು ಹೇಳಬೇಕಿರುವುದು ಇವರ ಬಗ್ಗೆಯೇ. ಇವರಿಗೆ ಯಾರೂ ಧೈರ್ಯ ಹೇಳುವುದಿಲ್ಲ. ಇವರಿಗೆ ಸಿಗುವುದು, ‘ಇನ್ನೂ ಸ್ವಲ್ಪ ಎಫರ್ಟ್ ಹಾಕಿದ್ರೆ ಆಗ್ತಿತ್ತು ಕಣೋ’ ಅನ್ನುವ ಮಾತು.

ನಮ್ಮಲ್ಲಿ ಇದಕ್ಕೆ ಒಂದು ಹೆಸರೂ ಹುಟ್ಟಿಕೊಂಡಿದೆ: ‘ಔಟ್ ಆಫ್ ಔಟ್’. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ 22 ಮಕ್ಕಳು 625ಕ್ಕೆ 625 ತೆಗೆದರು. ಅವರ ಪರಿಶ್ರಮಕ್ಕೆ ಕೈ ಮುಗಿಯಬೇಕು. ಆದರೆ ಅದೇ ಪರೀಕ್ಷೆಯಲ್ಲಿ ಪಾಸಾದವರು ಶೇ. 66.14 ಮಾತ್ರ. ಎರಡೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಪಾಸಾಗಲಿಲ್ಲ. ಈ 22 ಮತ್ತು ಆ ಎರಡೂವರೆ ಲಕ್ಷದ ನಡುವೆ 60, 75, 88 ತೆಗೆದ ಮಕ್ಕಳ ದೊಡ್ಡ ಸಮುದ್ರವಿದೆ. ಪೇಪರಿನ ಮುಖಪುಟದಲ್ಲಿ 22 ಜನರ ಬಾಯಿಗೆ ಸಿಹಿ ಇಡುವ ಫೋಟೋ. ಒಳಪುಟದಲ್ಲಿ ಫೇಲಾದವರಿಗೆ ಸಾಂತ್ವನ. ನಡುವಿನವರಿಗೆ ಪುಟವೇ ಇಲ್ಲ.

ಒಂದೇ ಬಾಗಿಲು

ನಿರೀಕ್ಷೆ ಅತಿಯಾಯಿತು ಅಂತ ಸುಮ್ನೆ ಹೇಳಿದರೆ ಅಪ್ಪ ಅಮ್ಮನನ್ನು ಬೈದ ಹಾಗಾಗುತ್ತದೆ. ಲೆಕ್ಕ ಹಾಕೋಣ.

2025ರಲ್ಲಿ ನೀಟ್ ಬರೆದವರು 22 ಲಕ್ಷ. ಅದರಲ್ಲಿ ‘ಕ್ವಾಲಿಫೈ’ ಆದವರು 12 ಲಕ್ಷಕ್ಕೂ ಜಾಸ್ತಿ. ಆಗ ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಅಂದಾಜು 1.2 ಲಕ್ಷ. ಅಂದರೆ ಹದಿನೆಂಟು ಮಂದಿಗೆ ಒಂದು ಸೀಟು. ಆ ಸೀಟುಗಳಲ್ಲಿ ಸರ್ಕಾರಿ ಕಾಲೇಜಿನವು ಸುಮಾರು ಅರ್ಧ. ಉಳಿದವಕ್ಕೆ ಫೀಸು ಕಟ್ಟುವ ತಾಕತ್ತು ಎಷ್ಟು ಮನೆಗಳಿಗಿದೆ? ಹಾಗಾಗಿ ಮಧ್ಯಮ ವರ್ಗದ ಮನೆಯ ಮಗುವಿಗೆ ನಿಜವಾದ ಲೆಕ್ಕ ಮೂವತ್ತು, ಮೂವತ್ತೈದು ಮಂದಿಗೆ ಒಂದು. ‘ನೀಟ್ ಕ್ವಾಲಿಫೈ ಆಗಿದಾನೆ’ ಅಂತ ಊರಲ್ಲಿ ಹೇಳಿಕೊಳ್ಳುವುದಕ್ಕೂ ಸೀಟು ಸಿಗುವುದಕ್ಕೂ ಅಜಗಜಾಂತರ. ಅಡ್ಮಿಷನ್ ದಿನ ಯಾವ ಕಾಲೇಜೂ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸುವುದಿಲ್ಲ. ತೋರಿಸುವುದು ಫ್ಲೆಕ್ಸ್.

ಅಂಕವಾದರೂ ಮಗುವಿನ ಕೈಯಲ್ಲಿದೆಯಾ? 2024ರ ನೀಟ್‌ನಲ್ಲಿ ಮೊದಲು 67 ಮಂದಿಗೆ 720ಕ್ಕೆ 720 ಬಂತು. ಗಲಾಟೆ ಆಗಿ, ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ಪರಿಷ್ಕರಣೆಯಾದಾಗ ಅದು 17ಕ್ಕೆ ಇಳಿಯಿತು. ಮರುವರ್ಷ ಇಡೀ ದೇಶಕ್ಕೆ ಮೊದಲು ಬಂದವರ ಅಂಕವೇ 686. ಒಂದು ವರ್ಷದಲ್ಲಿ ಮಕ್ಕಳು ದಡ್ಡರಾಗಿಬಿಟ್ಟರಾ? ಪೇಪರ್ ಕಷ್ಟ ಬಂತು ಅಷ್ಟೇ. ಆದರೆ ಮನೆಯಲ್ಲಿ ಹೋಲಿಕೆ ಮಾಡುವುದು ಹೋದ ವರ್ಷ ಅದೇ ಬೀದಿಯ ಹುಡುಗಿ ತೆಗೆದ ಅಂಕದ ಜೊತೆ.

ಇದರ ಹಿಂದೆ ದುಡ್ಡಿದೆ. ಅಕ್ಕನ ಮನೆಯಲ್ಲಿ ಹಾಸ್ಟೆಲ್ ಸೇರಿ ಎರಡು ವರ್ಷಕ್ಕೆ ಐದು ಲಕ್ಷದ ಮೇಲೆ ಆಯಿತು. ಅವಳ ಸರ, ಎರಡು ಬಳೆ ಬ್ಯಾಂಕಿನಲ್ಲಿವೆ. ಅದನ್ನು ಮಗನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಹಬ್ಬಕ್ಕೆ ಬಂದಾಗ ಅಮ್ಮನ ಕುತ್ತಿಗೆಯಲ್ಲಿ ಬರೀ ಕರಿಮಣಿ ಕಂಡರೆ ಹದಿನೇಳು ವರ್ಷದ ಹುಡುಗನಿಗೆ ತಿಳಿಯುವುದಿಲ್ಲವೇ? ‘ನಿನ್ನ ಮೇಲೆ ನಮಗೇನೂ ಒತ್ತಡ ಇಲ್ಲಪ್ಪ, ನಿನ್ನ ಇಷ್ಟ’ ಅಂತ ಭಾವ ಯಾವಾಗಲೂ ಹೇಳುತ್ತಿದ್ದರು. ಮನಸ್ಸಿನಿಂದಲೇ ಹೇಳುತ್ತಿದ್ದರು. ಆದರೆ ಅಡವಿಟ್ಟ ಚಿನ್ನ ಬೇರೆಯೇ ಮಾತಾಡುತ್ತಿತ್ತು.

ಇನ್ನೊಂದು ಏಟು ಕನ್ನಡ ಮೀಡಿಯಂನಿಂದ ಬಂದ ಮಕ್ಕಳಿಗೆ ಬೀಳುತ್ತದೆ. ಅಕ್ಕನ ಮಗನೂ ಅವರಲ್ಲೊಬ್ಬ. ಹತ್ತನೇ ಕ್ಲಾಸಿನವರೆಗೆ ದ್ಯುತಿಸಂಶ್ಲೇಷಣೆ, ವೇಗೋತ್ಕರ್ಷ, ಜಡತ್ವ ಎಂದು ಓದಿದವನು. ಜೂನ್ ತಿಂಗಳಲ್ಲಿ ಏಕಾಏಕಿ ಫೋಟೋಸಿಂಥೆಸಿಸ್, ಆಕ್ಸಿಲರೇಷನ್, ಇನರ್ಷಿಯಾ. ವಿಷಯ ಗೊತ್ತಿದೆ, ಹೆಸರು ಗೊತ್ತಿಲ್ಲ. ಅವನ ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ಕನ್ನಡ ಪದಗಳನ್ನು ಬರೆದುಕೊಂಡಿದ್ದ. ಪಕ್ಕದವರು ನೋಡಿ ನಗಬಾರದು ಅಂತ ಪೆನ್ಸಿಲು. ಆಮೇಲೆ ಅಳಿಸುತ್ತಿದ್ದನಂತೆ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರುತ್ತದೆ, ಆದರೆ ಆ ಮಟ್ಟದ ಪಾಠ, ಟೆಸ್ಟ್ ಸೀರೀಸ್ ಎಲ್ಲ ಇಂಗ್ಲಿಷಿನಲ್ಲೇ ನಡೆಯುವಾಗ ಅದನ್ನು ಆರಿಸಿಕೊಳ್ಳುವ ಧೈರ್ಯ ಯಾರಿಗಿದೆ? ಮೊದಲ ಮೂರು ತಿಂಗಳು ಡಿ ಸೆಕ್ಷನ್‌ನಲ್ಲಿ ಕೂತದ್ದು ಅವನ ಬುದ್ಧಿಯ ಲೆಕ್ಕವಲ್ಲ, ಭಾಷೆ ಬದಲಾಯಿಸಿದ ಲೆಕ್ಕ. ಅದನ್ನು ಅವನಿಗೆ ಹೇಳಿದವರು ಯಾರೂ ಇರಲಿಲ್ಲ.

ಪಿಯು ಮುಗಿದರೆ ಇದು ಮುಗಿಯುತ್ತದೆ ಅಂದುಕೊಳ್ಳಬೇಡಿ. ಧಾರವಾಡದ ಸಪ್ತಾಪುರದ ರೂಮುಗಳಲ್ಲಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿರುವ ಇಪ್ಪತ್ತೆಂಟು, ಮೂವತ್ತು ವರ್ಷದವರು ಇದ್ದಾರೆ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. 384 ಕೆಎಎಸ್ ಹುದ್ದೆಗಳ ಪ್ರಿಲಿಮ್ಸ್ 2024ರ ಆಗಸ್ಟ್‌ನಲ್ಲಿ ನಡೆದಾಗ ಕನ್ನಡ ಅನುವಾದ ಎಷ್ಟು ಕೆಟ್ಟದಾಗಿತ್ತೆಂದರೆ ಡಿಸೆಂಬರ್‌ನಲ್ಲಿ ಮತ್ತೆ ನಡೆಸಬೇಕಾಯಿತು. ಯಾರದೋ ತಪ್ಪಿಗೆ ಓದುವವರ ವಯಸ್ಸು ಕಳೆಯುತ್ತದೆ. ಊರಿಂದ ಫೋನ್ ಬಂದಾಗ, ‘ಇನ್ನೂ ಎಷ್ಟು ವರ್ಷ ಓದ್ತೀಯಪ್ಪ?’ ಅನ್ನುವ ಪ್ರಶ್ನೆಗೆ ಈ ದಿನಾಂಕಗಳನ್ನೆಲ್ಲ ಹೇಳಿ ವಿವರಿಸಲು ಆಗುತ್ತದೆಯೇ? ಊರಲ್ಲಿ ನಿಂತರೆ ಮದುವೆಗೆ ಹೆಣ್ಣು ಸಿಗುವುದಿಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಯುವಕರು ಹೆಣ್ಣು ಸಿಗಲಪ್ಪಾ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ನಾವೆಲ್ಲ ನಕ್ಕು ಫಾರ್ವರ್ಡ್ ಮಾಡಿದೆವು. ನಾನೂ ಮಾಡಿದ್ದೆ. ಈಗ ನಗು ಬರುವುದಿಲ್ಲ. ಇನ್ನು ಬೆಂಗಳೂರಿನಲ್ಲಿ ಕೆಲಸ ಸಿಕ್ಕವರಿಗೆ, ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂತ ನಾರಾಯಣ ಮೂರ್ತಿಯವರು 2023ರಲ್ಲೇ ಹೇಳಿಯಾಗಿದೆ.

ಹೊಟ್ಟೆನೋವು

ಹುಡುಗನ ಹೊಟ್ಟೆನೋವಿಗೆ ಬರೋಣ. ಮೂರು ಸಲ ಡಾಕ್ಟರಿಗೆ ತೋರಿಸಿದರು. ಸ್ಕ್ಯಾನಿಂಗ್ ನಾರ್ಮಲ್. ಗ್ಯಾಸ್ಟ್ರಿಕ್ ಮಾತ್ರೆ, ಮೂರು ಸಲವೂ ಅದೇ. ಅಜ್ಜಿ ದೃಷ್ಟಿ ತೆಗೆದರು, ದೇವಸ್ಥಾನದ ದಾರ ಕಟ್ಟಿಸಿದರು. ವಾರ್ಡನ್ ಮಾತ್ರ, ‘ಬೆಳಗ್ಗೆ ಸ್ಟಡಿ ಅವರ್‌ಗೆ ಏಳೋದಿಲ್ಲ, ಸೋಮಾರಿ ಆಗಿದಾನೆ’ ಅಂದರು. ರಾತ್ರಿ ಮೂರರವರೆಗೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ ಅನ್ನುವುದು ವಾರ್ಡನ್‌ಗೆ ಗೊತ್ತಿರಲಿಲ್ಲ.

ಖಿನ್ನತೆ ಅಂದರೆ ಕಣ್ಣೀರು ಸುರಿಸುತ್ತಾ ಕಿಟಕಿ ಪಕ್ಕ ಕೂರುವುದು ಅಂತ ನಾವು ತಿಳಿದಿದ್ದೇವೆ. ಹದಿಹರೆಯದಲ್ಲಿ ಅದು ಎಷ್ಟೋ ಸಲ ಸಿಡುಕಾಗಿ ಕಾಣುತ್ತದೆ. ತಲೆನೋವು, ಹೊಟ್ಟೆನೋವು, ಸುಸ್ತಾಗಿ ಕಾಣುತ್ತದೆ. ಇಷ್ಟದ ಆಟ, ಗೆಳೆಯರು, ತಿಂಡಿ ಯಾವುದೂ ಬೇಡವಾಗುತ್ತದೆ. ಓದಿದ್ದು ತಲೆಗೆ ಹತ್ತುವುದಿಲ್ಲ, ಅದರಿಂದ ಅಂಕ ಇಳಿಯುತ್ತದೆ, ಅಂಕ ಇಳಿದದ್ದಕ್ಕೆ ಬೈಗುಳ, ಬೈಗುಳದಿಂದ ಮನಸ್ಸು ಇನ್ನೂ ಕೆಳಗೆ. ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಬೇಜಾರು ಎಲ್ಲರಿಗೂ ಆಗುತ್ತದೆ, ಎರಡು ದಿನದಲ್ಲಿ ಹೋಗುತ್ತದೆ. ದಿನದ ಹೆಚ್ಚು ಹೊತ್ತು, ಹೆಚ್ಚುಕಮ್ಮಿ ಪ್ರತಿದಿನ, ಎರಡು ವಾರ ದಾಟಿಯೂ ಈ ಮಂಕು ಇಳಿಯದೇ ಇದ್ದರೆ ವೈದ್ಯರು ಅದನ್ನು ಕಾಯಿಲೆ ಎಂದೇ ನೋಡುತ್ತಾರೆ. ಸೋಮಾರಿತನಕ್ಕೂ ಇದಕ್ಕೂ ವ್ಯತ್ಯಾಸ ಹೇಳಲು ನನಗೆ ಗೊತ್ತಿರುವ ಸುಲಭದ ದಾರಿ ಒಂದು. ಸೋಮಾರಿಗೆ ಓದು ಬೇಡ, ಆದರೆ ಕ್ರಿಕೆಟ್ ಬೇಕು. ಇವನಿಗೆ ಕ್ರಿಕೆಟ್ಟೂ ಬೇಡವಾಗಿತ್ತು.

ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ. 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಅರವತ್ತು ಮಕ್ಕಳ ಕ್ಲಾಸಿನಲ್ಲಿ ನಾಲ್ಕು ಜನ. ತೊಂದರೆ ಇದ್ದೂ ಚಿಕಿತ್ಸೆ ಸಿಗದವರ ಪ್ರಮಾಣ ಬೇರೆ ಬೇರೆ ಕಾಯಿಲೆಗಳಲ್ಲಿ ಶೇ. 70ರಿಂದ 92ರವರೆಗೆ ಇತ್ತು. ಕ್ಲಾಸಿನ ಆ ನಾಲ್ವರಲ್ಲಿ ಮೂವರಿಗೆ ತಮಗೇನಾಗಿದೆ ಅಂತಲೇ ಗೊತ್ತಿರುವುದಿಲ್ಲ ಅಂತ ನನ್ನ ಅಂದಾಜು.

ಕೊನೆಗೆ ಗೊತ್ತುಮಾಡಿದ್ದು ತಾಲ್ಲೂಕು ಆಸ್ಪತ್ರೆಯ ಒಬ್ಬ ಯುವ ವೈದ್ಯೆ. ಹೊಟ್ಟೆ ಒತ್ತಿ ನೋಡಿ, ಮಾತ್ರೆ ಬರೆಯುವ ಮೊದಲು, “ನಿದ್ದೆ ಹೇಗೆ ಬರುತ್ತಪ್ಪ?” ಅಂತ ಕೇಳಿದರು. ಆಮೇಲೆ ಅಕ್ಕ ಭಾವನನ್ನು ಹೊರಗೆ ಕಳಿಸಿ, ‘ಬದುಕೋದೇ ಬೇಡ ಅಂತ ಯಾವಾಗ್ಲಾದ್ರೂ ಅನ್ಸಿದೆಯಾ?’ ಅಂತಲೂ ಕೇಳಿದರಂತೆ. ಅನ್ನಿಸಿತ್ತು. ಯಾರೂ ಕೇಳಿರಲಿಲ್ಲ, ಅದಕ್ಕೇ ಹೇಳಿರಲಿಲ್ಲ.

ಇಲ್ಲಿ ಬಹಳ ಮಂದಿಗೆ ಒಂದು ಹೆದರಿಕೆ. ಹಾಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದಲ್ಲ ಅಂತ. ಇಲ್ಲ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಒಳಗೇ ಹೊತ್ತುಕೊಂಡು ತಿರುಗುವವನಿಗೆ ಯಾರಾದರೂ ಕೇಳಿದರೆ ಭಾರ ಇಳಿಸಲು ಒಂದು ಜಾಗ ಸಿಗುತ್ತದೆ.

ಮಂಗಳವಾರ ಬನ್ನಿ ಅಂದರು. ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಅಕ್ಕ ಸೆರಗು ತಲೆಗೆ ಹೊದ್ದು ಹೋಗಿದ್ದಳು, ಊರಿನವರು ಯಾರಾದರೂ ನೋಡಿದರೆ ಅಂತ. ಅವಳ ಅತ್ತೆಗೆ ಈಗಲೂ ಅದು ಗ್ಯಾಸ್ಟ್ರಿಕ್ಕೇ. ಮಾತ್ರೆ ಶುರುವಾದಾಗ ಮೊದಲ ವಾರ, ‘ಏನೂ ಫರಕ್ ಇಲ್ಲ’ ಅಂತ ನಿಲ್ಲಿಸಲು ಹೊರಟಿದ್ದರು. ಖಿನ್ನತೆಯ ಮಾತ್ರೆ ಪ್ಯಾರಾಸಿಟಮಾಲ್ ಅಲ್ಲ. ಗುಣ ಕಾಣಲು ಕೆಲವು ವಾರ ಬೇಕು. ಆ ಮೊದಲ ವಾರಗಳಲ್ಲಿ ಮನೆಯವರು ಕಣ್ಣಿಟ್ಟು ನೋಡಿಕೊಳ್ಳಬೇಕು, ವೈದ್ಯರು ಹೇಳುವವರೆಗೆ ನಿಲ್ಲಿಸಬಾರದು. ಎಲ್ಲರಿಗೂ ಮಾತ್ರೆಯೇ ಬೇಕು ಅಂತಲೂ ಇಲ್ಲ. ಎಷ್ಟೋ ಮಕ್ಕಳಿಗೆ ಕೌನ್ಸೆಲಿಂಗ್ ಸಾಕಾಗುತ್ತದೆ.

ಒಂದು ವಿಷಯ ಹೆಮ್ಮೆಯಿಂದ ಹೇಳಬಹುದು. ಮಾನಸಿಕ ಕಾಯಿಲೆಗೆ ದೊಡ್ಡಾಸ್ಪತ್ರೆಗೇ ಹೋಗಬೇಕಿಲ್ಲ, ಜಿಲ್ಲೆಯಲ್ಲೇ, ಹಳ್ಳಿಯ ಹತ್ತಿರವೇ ಚಿಕಿತ್ಸೆ ಕೊಡಬಹುದು ಅಂತ ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಗೂ ನಿಮ್ಹಾನ್ಸೇ ಬೆನ್ನೆಲುಬು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಜಿಲ್ಲಾ ಕ್ರೀಡಾಂಗಣಗಳಲ್ಲಿ ಯುವಜನರ ಕಷ್ಟ ಕೇಳಿ ಸಲಹೆ ಕೊಡುವ ‘ಯುವ ಸ್ಪಂದನ’ ಕೇಂದ್ರಗಳಿವೆ. ಸ್ಟೇಡಿಯಮ್ಮಿಗೆ ಹೋದರೆ ಯಾರೂ ಅನುಮಾನದಿಂದ ನೋಡುವುದಿಲ್ಲ. ಆ ಜಾಗ ಆರಿಸಿದವರು ಜಾಣರು.

ಪೊಲೀಸ್ ಕೇಸಾಗುತ್ತದೆ ಅಂತ ಹೆದರಿ ಮುಚ್ಚಿಡುವ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ನೋಡಬೇಕು ಅನ್ನುತ್ತದೆ, ಆರೈಕೆ ಕೊಡಬೇಕಾದ ಹೊಣೆಯನ್ನು ಸರ್ಕಾರದ ಮೇಲೆ ಹಾಕುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ 309ನೇ ಸೆಕ್ಷನ್ ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ಹೇರಲು ಹಾಗೆ ಮಾಡಿದರೆ ಮಾತ್ರ ಅಪರಾಧ. ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹಿಂಜರಿಯಬೇಕಿಲ್ಲ.

ಇನ್ನೊಂದು ಸಲ

ಧ್ಯಾನ ಮಾಡಿ, ಯೋಗ ಮಾಡಿ, ಪಾಸಿಟಿವ್ ಆಗಿರಿ ಅಂತ ಮಕ್ಕಳಿಗೆ ಹೇಳುವುದು ಸುಲಭ. ಮಾಡಲಿ, ಒಳ್ಳೆಯದೇ. ಆದರೆ ನೀರು ಕುದಿಯುತ್ತಿರುವಾಗ ಒಲೆ ಆರಿಸದೇ ಪಾತ್ರೆಗೆ ಬೀಸಣಿಗೆ ಬೀಸಿದರೆ ಏನು ಪ್ರಯೋಜನ? ಒಲೆ ಅಂದರೆ ವ್ಯವಸ್ಥೆ. ಅದನ್ನು ಸ್ವಲ್ಪ ಸಣ್ಣ ಮಾಡಿದ ಉದಾಹರಣೆಗಳು ನಮ್ಮ ಸುತ್ತಲೇ ಇವೆ.

ಪಕ್ಕದ ತಮಿಳುನಾಡಿನಲ್ಲಿ ಫೇಲಾದವರಿಗೆ ವರ್ಷಗಟ್ಟಲೆ ಕಾಯಿಸದೇ ಬೇಗನೇ ಮರುಪರೀಕ್ಷೆ ಕೊಡಿ ಅಂತ ಹಟ ಹಿಡಿದು ಹೇಳಿದವರಲ್ಲಿ ಚೆನ್ನೈನ ಮನೋವೈದ್ಯೆ ಲಕ್ಷ್ಮಿ ವಿಜಯಕುಮಾರ್ ಒಬ್ಬರು. 1986ರಲ್ಲಿ ‘ಸ್ನೇಹಾ’ ಎಂಬ ಆತ್ಮಹತ್ಯೆ ತಡೆ ಸಂಸ್ಥೆ ಕಟ್ಟಿದವರು. ಇದು ಔಷಧಿಯಲ್ಲ, ಉಪದೇಶವಲ್ಲ, ಬರೀ ಟೈಮ್‌ಟೇಬಲ್ ಬದಲಾವಣೆ. ಗೆಳೆಯರ ಜೊತೆಗೇ ಮುಂದಿನ ತರಗತಿಗೆ ಹೋಗಬಹುದು ಅನ್ನುವುದು ಗೊತ್ತಾದರೆ ರಿಸಲ್ಟ್ ದಿನದ ರಾತ್ರಿಯನ್ನು ದಾಟಬಹುದು.

ಕರ್ನಾಟಕ 2024ರಲ್ಲಿ ಇದನ್ನೇ ಇನ್ನೊಂದು ರೂಪದಲ್ಲಿ ತಂದಿತು. ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಗೂ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3. ಯಾವ ಪರೀಕ್ಷೆಯಲ್ಲಿ ಜಾಸ್ತಿ ಬಂತೋ ಅದನ್ನೇ ಇಟ್ಟುಕೊಳ್ಳಬಹುದು. ‘ಸಪ್ಲಿಮೆಂಟರಿ’ ಅನ್ನುವ ಹೆಸರೇ ಹೋಯಿತು. ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಈ ಹೆಸರು ಹೋದದ್ದು. ಪಾಸಾದವನೂ ಅಂಕ ಹೆಚ್ಚಿಸಿಕೊಳ್ಳಲು ಎರಡನೇ ಪರೀಕ್ಷೆ ಬರೆಯಬಹುದಾದ್ದರಿಂದ ಹಾಲ್‌ನಲ್ಲಿ ಯಾರು ಫೇಲ್, ಯಾರು ಪಾಸ್ ಅಂತ ಗೊತ್ತಾಗುವುದಿಲ್ಲ. ಮೇಷ್ಟ್ರುಗಳಿಗೆ ಹೊರೆ ಜಾಸ್ತಿಯಾಯಿತು, ಬೇಸಿಗೆ ರಜೆ ಹೋಯಿತು ಅನ್ನುವ ದೂರಿನಲ್ಲೂ ಸತ್ಯವಿದೆ. ಅದನ್ನು ಬೇರೆ ರೀತಿ ಸರಿಮಾಡಬೇಕು. ಆದರೆ ಒಂದು ದಿನ, ಒಂದು ಪೇಪರು, ಒಂದು ಬದುಕು ಅನ್ನುವ ಲೆಕ್ಕವನ್ನು ಇದು ಮುರಿದಿದೆ. ನೀಟ್‌ನಲ್ಲಿ ಈಗಲೂ ವರ್ಷಕ್ಕೊಂದೇ ದಿನ.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಹುಡುಗಿಯೊಬ್ಬಳ ಸಾವಿನ ಪ್ರಕರಣ ಅದು. ಶಾಲೆ, ಕಾಲೇಜು, ಕೋಚಿಂಗ್ ಸೆಂಟರ್, ಹಾಸ್ಟೆಲ್ ಎಲ್ಲಕ್ಕೂ ಹದಿನೈದು ನಿರ್ದೇಶನ ಕೊಟ್ಟಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ತರಬೇತಿ ಪಡೆದ ಕೌನ್ಸೆಲರ್ ಇರಬೇಕು. ಅಂಕ ನೋಡಿ ಬ್ಯಾಚ್ ವಿಂಗಡಿಸಬಾರದು, ಎಲ್ಲರೆದುರು ಅವಮಾನ ಮಾಡಬಾರದು. ಇದನ್ನು ಓದಿದಾಗ ನನಗೆ ನೆನಪಾದದ್ದು ಆ ಕಾರಿಡಾರು, ಬ್ಯಾಗು ಎತ್ತಿಕೊಂಡು ನಡೆಯುವ ಮಕ್ಕಳು. ಕಾನೂನು ಹೇಳಿದ ಕೂಡಲೇ ಎ, ಬಿ, ಸಿ, ಡಿ ಅಳಿಸಿಹೋಗುತ್ತದೆ ಅಂತ ನಂಬುವಷ್ಟು ಮುಗ್ಧ ನಾನಲ್ಲ. ಹೆಸರು ಬದಲಾಗಬಹುದು. ‘ಎಲೀಟ್’, ‘ಸ್ಟಾರ್’ ಅಂತ ಆಗಲೇ ಇವೆ. ಕೌನ್ಸೆಲರ್ ಜಾಗದಲ್ಲಿ ಬಿಡುವಿದ್ದ ಲೆಕ್ಚರರ್ ಒಬ್ಬರ ಹೆಸರು ಬರೆದು ಕಳಿಸಬಹುದು. ಕೇಳುವವರು ಇರಬೇಕು. ಪೋಷಕರ ಸಭೆಯಲ್ಲಿ ‘ರಿಸಲ್ಟ್ ಎಷ್ಟು?’ ಅನ್ನುವ ಪ್ರಶ್ನೆಯ ಜೊತೆ, ‘ಕೌನ್ಸೆಲರ್ ಯಾರು, ಯಾವ ರೂಮಲ್ಲಿ ಕೂರ‍್ತಾರೆ?’ ಅಂತ ನಾಲ್ಕು ಜನ ಕೇಳಿದರೂ ಸಾಕು, ಮುಂದಿನ ವರ್ಷ ರೂಮೊಂದು ಹುಟ್ಟುತ್ತದೆ.

2025ರ ಮೇ ತಿಂಗಳಲ್ಲಿ ಬಾಗಲಕೋಟೆಯ ಒಂದು ಮನೆ ಸುದ್ದಿಯಾಯಿತು. ಹುಡುಗ ಎಸ್ಸೆಸ್ಸೆಲ್ಸಿಯ ಆರೂ ವಿಷಯಗಳಲ್ಲಿ ಫೇಲ್. ಮನೆಯವರು ಕೇಕ್ ತರಿಸಿ, ಕತ್ತರಿಸಿ, ಅವನ ಬಾಯಿಗೆ ಇಟ್ಟರು. ಕೆಲವರು ಮೆಚ್ಚಿದರು, ಕೆಲವರು ‘ಹೀಗೆ ಮಾಡಿದರೆ ಮಕ್ಕಳು ಓದ್ತಾರಾ?’ ಅಂದರು. ಕೇಕ್ ಕತ್ತರಿಸಲೇಬೇಕು ಅಂತೇನೂ ಇಲ್ಲ. ಆದರೆ ಆ ಸಂಜೆ ಆ ಹುಡುಗ ತನ್ನ ಮನೆಯಲ್ಲಿ ಯಾರ ಮುಖವನ್ನೂ ತಪ್ಪಿಸಿ ಓಡಾಡಬೇಕಾಗಿ ಬರಲಿಲ್ಲ.

ಅಕ್ಕನ ಮಗ ಹಾಸ್ಟೆಲ್ ಬಿಡಲಿಲ್ಲ. ಬಿಡಿಸಬೇಕು ಅಂತ ನಾನು ಹೇಳಿದ್ದೆ, ಅವನೇ ಬೇಡವೆಂದ. ಭಾವ ಆಫೀಸಿಗೆ ಹೋಗಿ ಸೋಮವಾರದ ಮೆಸೇಜ್ ನಿಲ್ಲಿಸಿ ಅಂತ ಬರೆದುಕೊಟ್ಟರು. ‘ಸಾರ್, ಸಿಸ್ಟಮ್ಮಲ್ಲಿ ಆ ಆಪ್ಷನ್ ಇಲ್ಲ’ ಅಂದರಂತೆ. ಭಾವ ಆ ನಂಬರನ್ನೇ ಬ್ಲಾಕ್ ಮಾಡಿದರು. ಮನೋವೈದ್ಯರು ಅಕ್ಕನಿಗೆ ಒಂದೇ ಒಂದು ಕೆಲಸ ಹೇಳಿದ್ದರು. ಮಗನ ಹತ್ತಿರ ಮಾತಾಡುವಾಗ ಮೊದಲ ಐದು ನಿಮಿಷ ಮಾರ್ಕ್ಸ್ ವಿಷಯ ಎತ್ತಬೇಡಿ ಅಂತ. ಹಾಸ್ಟೆಲಿನಲ್ಲಿ ಬುಧವಾರ ಸಂಜೆ ಫೋನು ಕೊಡುವುದೇ ಐದು ನಿಮಿಷ.

ಮೊದಲ ಬುಧವಾರ ನಾನು ಅಲ್ಲೇ ಇದ್ದೆ. ಅಕ್ಕ ಸ್ಪೀಕರ್ ಹಾಕಿದಳು. “ಊಟ ಆಯ್ತಾ?” “ಆಯ್ತು.” “ಏನು?” “ಉಪ್ಪಿಟ್ಟು.” ಆಮೇಲೆ ಇಬ್ಬರೂ ಸುಮ್ಮನಾದರು. ಅಕ್ಕ ನನ್ನ ಮುಖ ನೋಡಿದಳು, ಮುಂದೇನು ಕೇಳಲಿ ಅನ್ನುವ ಹಾಗೆ. ಎರಡು ವರ್ಷದಿಂದ ಅವರ ಮಧ್ಯೆ ಬೇರೆ ಮಾತೇ ಇರಲಿಲ್ಲ. ಫೋನಿನ ಆ ಕಡೆ ಯಾರೋ ಬಕೆಟ್ ಎಳೆದುಕೊಂಡು ಹೋದ ಸದ್ದು ಕೇಳಿಸಿತು. ಆಮೇಲೆ ಅವನೇ ಕೇಳಿದ.

“ಅಮ್ಮ, ಕರಿಯ ನಾಯಿ ಮರಿ ಹಾಕ್ತಾ?”

“ಹೂಂ ಕಣೋ, ಐದು. ಒಂದು ಪೂರ್ತಿ ಬೆಳ್ಳಗಿದೆ.”

ಉಳಿದ ನಾಲ್ಕು ನಿಮಿಷ ಆ ಬಿಳಿ ಮರಿಯದ್ದೇ ಮಾತು.